ಉದ್ದ ತೋಳಿನ ಅಂಗಿ

ಮಾರ್ಚ್ ೪, ಸೋಮವಾರ

ನೋಡಬಾರದಿತ್ತು, ನೋಡಿಬಿಟ್ಟೆ.

ಸೊಸೆಗೆ ಹೊಸ ಅಂಗಿ ಹೊಲಿಯೋಣವೆಂದು ಬೆಳಿಗ್ಗೆ ಮೆಷಿನ್ ಇರುವ ಮುಂದಿನ ಕೋಣೆಗೆ ಕರೆದಿದ್ದೆ. ಅವಳಿಗೆ ಅಂಚೆ ಕಚೇರಿಗೆ ಹೊತ್ತಾಗುತ್ತಿತ್ತು. "ಬೇಗ ಅತ್ತೆ, ಸೋಮವಾರ ಬಾಗಿಲು ತೆಗೆಯೋಕೆ ಮುಂಚೇನೇ ಪಾರ್ಸಲ್‌ನವರು ಸಾಲು ನಿಂತಿರ್ತಾರೆ" ಎನ್ನುತ್ತ ಕೈ ಚಾಚಿ ನಿಂತಳು. ರಟ್ಟೆಯ ಸುತ್ತಳತೆ ತೆಗೆಯಲು ಬಟ್ಟೆಯನ್ನು ಮೇಲೆ ಸರಿಸಿದೆ. ಅಲ್ಲಿ ಕಲೆಗಳಿದ್ದವು. ನಾಲ್ಕು ಹೊರಮೈಯಲ್ಲಿ, ಒಂದು ಒಳಗೆ. ಅಂಚು ಹಸಿರಾಗಿ, ನಡು ಇನ್ನೂ ನೀಲಿಯಾಗಿ. ಮೇಜಿನ ಮೂಲೆ ತಾಗಿದ ಕಲೆ ಯಾವುದು, ಬೆರಳಿನ ಕಲೆ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಏನಮ್ಮಾ ಇದು?" ಎಂದು ಕೇಳಬೇಕಿತ್ತು. ಬಾಯಿಂದ ಬಂದದ್ದು, "ತೋಳು ಎಷ್ಟುದ್ದ ಇಡ್ಲಿ?"

"ಯಾವಾಗ್ಲೂ ಇಡೋ ಅಷ್ಟೇ. ಗಿಡ್ಡ."

"ಈಗೆಲ್ಲ ಉದ್ದ ತೋಳೇ ಚೆಂದ ಕಾಣೋದು. ಮಣಿಕಟ್ಟಿನವರೆಗೆ ಇಡ್ತೀನಿ."

"ಈ ಸೆಕೇಲಾ?" ಎಂದು ನಕ್ಕಳು. ಆಮೇಲೆ ನನ್ನ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡಿದಳು. ನಗು ನಿಂತಿತು. ಬಟ್ಟೆಯನ್ನು ಕೆಳಗೆಳೆದುಕೊಂಡು, "ಸರಿ ಅತ್ತೆ, ನಿಮ್ಮಿಷ್ಟ" ಎಂದಳು.

ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳು ಹೋದ ಮೇಲೆ ಬಟ್ಟೆ ಹರವಿ ಕತ್ತರಿ ಹಿಡಿದೆ.

ನನ್ನ ಮಗ ಅಂಥವನಲ್ಲ. ನಮ್ಮನೆಯವರೂ ಅಂಥವರಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು.

ಮಾರ್ಚ್ ೬, ಬುಧವಾರ

ಅಂಗಿ ಮುಗಿಯಿತು. ಸೊಸೆ ಇವತ್ತು ಅದನ್ನೇ ತೊಟ್ಟು ಹೋದಳು. ಚೆನ್ನಾಗಿ ಕೂತಿದೆ. ಏನೂ ಕಾಣುವುದಿಲ್ಲ.

ಊಟಕ್ಕೆ ಕೂತಾಗ ಮಗನ ಕೈಯನ್ನೇ ನೋಡುತ್ತಿದ್ದೆ. ಲಿಫ್ಟ್ ರಿಪೇರಿ ಮಾಡುವವನ ಕೈ. ಕಬ್ಬಿಣದ ಹಗ್ಗ ಎಳೆದೆಳೆದು ಅಂಗೈ ಹಲಗೆಯಂತಾಗಿದೆ.

"ಯಾಕಮ್ಮಾ ಹಾಗೆ ನೋಡ್ತಿದೀಯ?"

"ಉಗುರಲ್ಲಿ ಗ್ರೀಸ್ ಇದೆ. ತೊಳ್ಕೊಂಡು ಬಾ."

"ಮೂರು ಸಲ ತೊಳ್ದಿದೀನಿ. ಇದು ನನ್ ಜೊತೇಲೇ ಬಂದು ನನ್ ಜೊತೇಲೇ ಹೋಗೋದು" ಎಂದ. ಸೊಸೆ ನಕ್ಕಳು. ನಗು ನಿಜವಾದದ್ದೇ ಎಂದು ನೋಡಿದೆ, ಗೊತ್ತಾಗಲಿಲ್ಲ. ನಾನೂ ಎಲ್ಲರೆದುರು ನಗುತ್ತಿದ್ದವಳೇ ಅಲ್ಲವೇ.

ನಮ್ಮನೆಯವರ ಕೈಯೂ ಹೀಗೇ ಇತ್ತು. ಸಿಟ್ಟು ಬಂದಾಗ ಅವರ ಕೈ ಸ್ವಲ್ಪ ಮುಂದಾಗುತ್ತಿತ್ತು, ಅಷ್ಟೆ. ಕೆಲಸದಲ್ಲಿ ಅವರಿಗೂ ಕಿರಿಕಿರಿ ಇರುತ್ತಿತ್ತು. ಕೆಟ್ಟವರಲ್ಲ. ಹೋದವರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಬಾರದು.

ಮಾರ್ಚ್ ೧೧, ಸೋಮವಾರ

ಸಂಜೆ ಕತ್ತಲಾದ ಮೇಲೆ ಮಗ-ಸೊಸೆಯ ಕೋಣೆಯಿಂದ ದಢಾರನೆ ಸದ್ದು ಬಂತು. ಹಿಂದೆಯೇ ಸೊಸೆ "ಅಯ್ಯೋ!" ಎಂದದ್ದು ಕೇಳಿಸಿತು. ಮಗ ಏನೋ ಗಟ್ಟಿಯಾಗಿ ಅಂದ.

ನಾನು ಪಕ್ಕದ ಬೀದಿಯವರ ಪರದೆಗೆ ಅಂಚು ಹೊಲಿಯುತ್ತಿದ್ದೆ. ಎದ್ದು ಹೋಗಿ ಬಾಗಿಲು ತಟ್ಟಬಹುದಿತ್ತು. ನನ್ನ ಕಾಲು ಪೆಡಲನ್ನು ಇನ್ನೂ ಜೋರಾಗಿ ತುಳಿಯಿತು. ಮೆಷಿನ್ ಸದ್ದಿನಲ್ಲಿ ಮತ್ತೇನೂ ಕೇಳಲಿಲ್ಲ. ಅಂಚು ಸೊಟ್ಟಗಾಗಿ, ಅಷ್ಟುದ್ದವನ್ನೂ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಮಾರ್ಚ್ ೧೨, ಮಂಗಳವಾರ

ಸೊಸೆಯ ಮೊಣಕಾಲ ಕೆಳಗೆ ಅಂಗೈಯಗಲ ನೀಲಿ. ಕಪಾಟಿನ ಮೇಲಿದ್ದ ಪೆಟ್ಟಿಗೆ ಬಿತ್ತಂತೆ. ಪೆಟ್ಟಿಗೆ ಬಿತ್ತು, ಬಾಗಿಲು ತಾಗಿತು, ಬಚ್ಚಲಲ್ಲಿ ಜಾರಿದೆ. ಈ ಮಾತುಗಳೆಲ್ಲ ನನ್ನವೇ. ಅವಳಿಗೆ ಯಾರು ಹೇಳಿಕೊಟ್ಟರೋ.

ಮಾರ್ಚ್ ೧೫, ಶುಕ್ರವಾರ

ಬೆಳಗಿನ ಜಾವ ಬಚ್ಚಲ ಮನೆಯ ಬೇಸಿನ್ನಿನಲ್ಲಿ ರಕ್ತ ಬೆರೆತ ಉಗುಳು. ಸೊಸೆ ಹಲ್ಲುಜ್ಜಿ ಹೊರಬಂದಿದ್ದಳು. ನೀರು ಬಿಟ್ಟು ತೊಳೆದೆ, ಮಗನಿಗೆ ಕಾಣುವ ಮೊದಲೇ. ಯಾಕೆ ಅವನಿಗೆ ಕಾಣಬಾರದು? ಮಾಡಿದವನಿಗೆ ಗೊತ್ತಿರುವುದಿಲ್ಲವೇ? ಅದನ್ನೂ ಯೋಚಿಸಲಿಲ್ಲ, ಕೈ ತಾನಾಗಿ ನಲ್ಲಿ ತಿರುಗಿಸಿತು.

ಸಂಜೆ ಅವಳು ಕಚೇರಿಯಿಂದ ಬಂದ ಮೇಲೆ ಬಟ್ಟೆ ಮಡಚುತ್ತ ಧೈರ್ಯ ಮಾಡಿ ಬಾಯಿ ತೆರೆದೆ. "ನೋಡಮ್ಮ, ಗಂಡಸರು ಹೊರಗೆ ದಣಿದು ಬಂದಿರ್ತಾರೆ. ಕೆಲವು ಮಾತಿಗೆ ಉತ್ತರ ಕೊಡದೆ ಸುಮ್ನಿದ್ರೆ ಮನೆ ತಣ್ಣಗಿರುತ್ತೆ."

ಅವಳು ದುಪ್ಪಟಿ ಕೈಯಲ್ಲೇ ಹಿಡಿದು ನಿಂತಳು. "ಯಾರ ವಿಷಯ ಹೇಳ್ತಿದೀರಿ ಅತ್ತೆ?"

"ಸುಮ್ನೆ ಹೇಳ್ದೆ."

"ನಾವೇನಾದ್ರೂ ಜಗಳ ಆಡಿದ್ದು ಕೇಳಿಸ್ತಾ?"

"ಇಲ್ಲಪ್ಪ."

ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. ಮುಖ ಬಿಳಿಚಿತ್ತು. ಕಾಲಿನ ಮೇಲೆ ಸೂಜಿಯ ಮೊನೆ ಒತ್ತಿದಂಥ ಕೆಂಪು ಚುಕ್ಕಿಗಳು ತುಂಬ ಕಂಡವು. ಬೆವರುಸಾಲೆ ಇರಬೇಕು. ಉದ್ದ ತೋಳಿನದು ಇನ್ನೂ ಎರಡು ಹೊಲಿದು ಇಟ್ಟಿದ್ದೇನೆ. ಒಂದಕ್ಕೆ ಕಾಲರ್ ಎತ್ತರ ಇಟ್ಟಿದ್ದೇನೆ.

ಮಾರ್ಚ್ ೧೯, ಮಂಗಳವಾರ

ಇವತ್ತಿನದನ್ನು ಬರೆಯಲು ನಾಚಿಕೆಯಾಗುತ್ತಿದೆ. ಬರೆಯದೆ ಇದ್ದರೆ ನಾಳೆ ನಾನೇ ಇದನ್ನು ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ.

ಬೆಳಿಗ್ಗೆ ಅಂಚೆ ಕಚೇರಿಯಿಂದ ಫೋನು. ಕೌಂಟರಿನಲ್ಲಿ ಕೂತಿದ್ದಂತೆ ಸೊಸೆಯ ಮೂಗಿನಿಂದ ರಕ್ತ ಸುರಿಯಲು ಶುರುವಾಗಿ ನಿಲ್ಲುತ್ತಲೇ ಇಲ್ಲವಂತೆ, ಆಸ್ಪತ್ರೆಗೆ ಕರೆತಂದಿದ್ದಾರಂತೆ. ಮಗ ಎಲ್ಲೋ ಎತ್ತರದ ಕಟ್ಟಡದ ಲಿಫ್ಟ್ ಇಳಿಯುವ ಗುಂಡಿಯ ತಳದಲ್ಲಿದ್ದ, ಫೋನ್ ಸಿಗಲಿಲ್ಲ. ನಾನೇ ಓಡಿದೆ. ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಅಂಗುಸ್ತಾನ ಹಾಗೇ ಇತ್ತು.

ತುರ್ತು ವಿಭಾಗದಲ್ಲಿ ಅವಳನ್ನು ಮಂಚದ ಮೇಲೆ ಕೂರಿಸಿ ಮೂಗಿಗೆ ಅರಳೆ ತುರುಕಿದ್ದರು. ಎಳೆ ವಯಸ್ಸಿನ ಡಾಕ್ಟರಮ್ಮ ಒಬ್ಬರು ಬಂದರು. ಸೂಜಿ ಚುಚ್ಚಲು ಉದ್ದ ತೋಳನ್ನು ಮೇಲೆ ಸುತ್ತಿದರು. ಸುತ್ತುತ್ತ ಸುತ್ತುತ್ತ ಕೈ ನಿಧಾನವಾಯಿತು. ಇನ್ನೊಂದು ತೋಳೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಸ್ವಲ್ಪ ಹೊರಗೆ ಇರ್ತೀರಾ ಅಮ್ಮ?" ಎಂದರು. ದನಿ ಮೃದುವಾಗಿತ್ತು, ಕಣ್ಣು ಇರಲಿಲ್ಲ.

ಪರದೆಯ ಆಚೆ ನಿಂತೆ. ಒಳಗೆ ಏನು ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಸೊಸೆಯ ಮೂಗಿನಲ್ಲಿ ರಕ್ತ ಹರಿಯುತ್ತಿತ್ತು. ನಾನು ಹೊರಗೆ ಕೈಮುಗಿದು ಕೇಳಿಕೊಂಡದ್ದು ಅದು ನಿಲ್ಲಲಿ ಎಂದಲ್ಲ. ಅವಳು ಹೇಳದಿರಲಿ ಎಂದು.

ಆಮೇಲೆ ರಕ್ತದ ವರದಿ ಬಂತು. ಡಾಕ್ಟರಮ್ಮ ಓಡುವಂತೆ ನಡೆದು ಬಂದರು. "ಪ್ಲೇಟ್‌ಲೆಟ್ ಒಂಬತ್ತು ಸಾವಿರ ಇದೆ. ಕಮ್ಮಿ ಅಂದ್ರೂ ಒಂದೂವರೆ ಲಕ್ಷ ಇರ್ಬೇಕು. ರಕ್ತ ಹೆಪ್ಪುಗಟ್ಟಿಸೋವು ಅವೇ. ಅವಿಲ್ಲದೆ ಬೆರಳು ಒತ್ತಿದ್ರೂ ಕಲೆ ಬೀಳುತ್ತೆ. ಇವರ ಮೈಮೇಲಿನ ಕಲೆ ಎಲ್ಲಾ ಅದೇ."

"ಹಾಗಾದ್ರೆ ಯಾರೂ…" ಎಂದೆ.

"ಯಾರೂ ಹೊಡೆದಿಲ್ಲಮ್ಮ. ಕೇಳ್ಲೇಬೇಕಾದ ಪ್ರಶ್ನೆ, ಕೇಳ್ದೆ. ರಕ್ತದಲ್ಲೇ ಏನೋ ಆಗಿದೆ. ಕೂಡಲೇ ಅಡ್ಮಿಟ್ ಮಾಡ್ಬೇಕು."

ಆಗ ನನಗಾದದ್ದು ಸಂತೋಷ. ಎದೆಯ ಮೇಲಿದ್ದ ಗುಂಡುಕಲ್ಲು ಉರುಳಿದ ಹಾಗಾಯಿತು. ನನ್ನ ಮಗ ಅಲ್ಲ! ಬಾಯಲ್ಲಿ ಬಂದೇಬಿಟ್ಟಿತು, "ಸದ್ಯ!"

ಡಾಕ್ಟರಮ್ಮ ನನ್ನನ್ನು ನೋಡಿದ ರೀತಿ ಮರೆಯಲಾರೆ. ಪರದೆ ಅರ್ಧ ತೆರೆದಿತ್ತು. ಸೊಸೆಗೂ ಕೇಳಿಸಿತು.

ಮಾರ್ಚ್ ೨೦, ಬುಧವಾರ

ರಕ್ತದ ಕಾಯಿಲೆಗಳ ಡಾಕ್ಟರು ಬಂದರು. ವಯಸ್ಸಾದವರು. ಮಂಚದ ಬದಿಗೆ ಸ್ಟೂಲ್ ಎಳೆದುಕೊಂಡು ಕೂತು ಮಾತಾಡುತ್ತಾರೆ. ಮಗ ಮಂಚದ ಆ ಕಡೆ, ನಾನು ಕಿಟಕಿ ಹತ್ತಿರ.

ಮೊದಲು ಅವರು ಎಣಿಕೆಯನ್ನೇ ನಂಬಲಿಲ್ಲವಂತೆ. ಕೆಲವರ ರಕ್ತ ಪರೀಕ್ಷೆಯ ನಳಿಕೆಯೊಳಗೆ ಗಂಟು ಕಟ್ಟಿಕೊಳ್ಳುತ್ತದೆ. ಮೆಷಿನ್ ಆ ಗಂಟನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸುಳ್ಳೇ ಕಡಿಮೆ ತೋರಿಸುತ್ತದೆ. ಅದಕ್ಕೇ ಬೇರೆ ಥರದ ನಳಿಕೆಯಲ್ಲಿ ಮತ್ತೆ ರಕ್ತ ತೆಗೆಸಿ, ಒಂದು ಹನಿಯನ್ನು ಗಾಜಿನ ಮೇಲೆ ಹರಡಿ ತಾವೇ ಸೂಕ್ಷ್ಮದರ್ಶಕದಲ್ಲಿ ನೋಡಿದರಂತೆ. ಗಂಟು ಇಲ್ಲ. ಕಡಿಮೆ ಇರುವುದು ನಿಜ.

"ಕಮ್ಮಿ ಆಗೋಕೆ ದೊಡ್ಡದಾಗಿ ಎರಡು ದಾರಿ" ಎಂದರು. "ಮೂಳೆ ಒಳಗಿನ ಮಜ್ಜೆ ಅವನ್ನ ಹುಟ್ಟಿಸ್ತಾ ಇಲ್ಲ. ಇಲ್ಲಾ, ಹುಟ್ಟಿಸ್ತಾ ಇದೆ, ಹೊರಗೆ ಬಂದ ಮೇಲೆ ಯಾರೋ ಮುಗಿಸ್ತಿದಾರೆ. ಯಾವುದು ಅಂತ ತಿಳೀಬೇಕು."

"ಮೊದಲನೇದಾದ್ರೆ?" ಮಗ ಕೇಳಿದ.

"ಅದ್ರಲ್ಲಿ ಕೆಲವು ದೊಡ್ಡ ಕಾಯಿಲೆಗಳಿವೆ. ಈಗ್ಲೇ ಅವುಗಳ ಹೆಸರು ಹೇಳಿ ನಿಮ್ಮ ನಿದ್ದೆ ಕೆಡಿಸಲ್ಲ. ಬಿಳಿ ಕಣ, ಕೆಂಪು ಕಣ ಸರಿಯಾಗಿವೆ, ಅದು ಒಳ್ಳೇದು. ಇನ್ನೊಂದು ಅಳತೆ ಕಳ್ಸಿದೀನಿ, ನಾಳೆ ಬರುತ್ತೆ." ಆಮೇಲೆ ಸೊಸೆಯ ತೋಳು ಹಿಡಿದು, "ಈ ಕಲೆ ಎಷ್ಟು ದಿನದಿಂದ ಇದೆ?"

"ತಿಂಗಳ ಮೇಲಾಯ್ತೇನೋ. ಪಾರ್ಸಲ್ ಎತ್ತಿ ಇಳಿಸಿ ಆಗ್ತಿರ್ಬೇಕು ಅಂದ್ಕೊಂಡೆ. ಇದು ಮಾತ್ರ ಇವರ ಬೆರಳು. ಬಸ್ಸಿಂದ ಇಳೀವಾಗ ಕಾಲು ಜಾರ್ತು, ಇವರು ಹಿಡ್ಕೊಂಡ್ರು. ಇಲ್ದಿದ್ರೆ ಚಕ್ರದ ಹತ್ರ ಬೀಳ್ತಿದ್ದೆ."

"ತಿಂಗಳು!" ಡಾಕ್ಟರು ಮಗನ ಕಡೆ ತಿರುಗಿದರು. "ನೀವು ನೋಡ್ಲಿಲ್ವಾ?"

ಅವನ ಮುಖ ಕಪ್ಪಿಟ್ಟಿತು. "ನಾನು ಬೆಳಕು ಹರಿಯೋಕೆ ಮುಂಚೆ ಹೋಗಿ ಕತ್ತಲಾದ ಮೇಲೆ ಬರ್ತೀನಿ ಡಾಕ್ಟ್ರೇ. ಈಚೆಗೆ ಇವಳು ಉದ್ದ ತೋಳೇ ಹಾಕ್ಕೊಂಡಿರ್ತಿದ್ಲು. ನಂಗೆ ಕಾಣ್ಲೇ ಇಲ್ಲ."

"ಇಷ್ಟು ಕಮ್ಮಿ ಇದ್ದಾಗ ತಲೆ ಒಳಗೆ ರಕ್ತ ಸೋರಿದ್ರೆ ನಮ್ಮ ಕೈ ಮೀರ್ತಿತ್ತು. ಯಾರಾದ್ರೂ ಒಬ್ರು ಮುಂಚೆ ನೋಡಿದ್ರೆ ಚೆನ್ನಾಗಿತ್ತು."

ಯಾರಾದರೂ ಒಬ್ಬರು. ಕಿಟಕಿಯಾಚೆ ಗಾಡಿ ನಿಲ್ಲಿಸುವ ಜಾಗದಲ್ಲಿ ಕಾವಲಿನವನು ಒಬ್ಬನ ಜೊತೆ ವಾದ ಮಾಡುತ್ತಿದ್ದ. ಅದನ್ನೇ ನೋಡುತ್ತ ನಿಂತೆ. ಅಂಗಿ ಹೊಲಿದವರು ಯಾರು ಎಂದು ಸೊಸೆ ಹೇಳಲಿಲ್ಲ.

ಮಾರ್ಚ್ ೨೧, ಗುರುವಾರ

ಡಾಕ್ಟರು ವರದಿ ಹಿಡಿದು ಬಂದರು. ಅವರು ಹೇಳಿದ್ದನ್ನು ಅರ್ಥವಾದಷ್ಟು ಬರೆಯುತ್ತೇನೆ.

ಹೊಸದಾಗಿ ಹುಟ್ಟಿದ ಪ್ಲೇಟ್‌ಲೆಟ್ ದೊಡ್ಡದಾಗಿರುತ್ತದಂತೆ, ಹಳೆಯದಾದಂತೆ ಚಿಕ್ಕದಾಗುತ್ತದಂತೆ. ಇದ್ದದ್ದು ಅತಿ ಕಡಿಮೆಯಾದ್ದರಿಂದ ಮೆಷಿನ್‌ಗೆ ಸರಾಸರಿ ಗಾತ್ರ ಹೇಳಲು ಆಗಲಿಲ್ಲ, ಆದರೆ ಗಾಜಿನ ಮೇಲೆ ಕಂಡ ಹಲವು ದೊಡ್ಡವಾಗಿಯೇ ಇದ್ದವು. ಎಳೆಯವು ಎಷ್ಟಿವೆ ಎಂದು ನೋಡುವ ಇನ್ನೊಂದು ಅಳತೆಯಿದೆ. ಅವರ ಲ್ಯಾಬಿನ ಪ್ರಕಾರ ಸಾಮಾನ್ಯವಾಗಿ ನೂರಕ್ಕೆ ಐದಾರು. ಸೊಸೆಯ ರಕ್ತದಲ್ಲಿ ಇಪ್ಪತ್ತನಾಲ್ಕು.

"ಅಂದ್ರೆ ಮಜ್ಜೆ ಸುಮ್ನೆ ಕೂತಿಲ್ಲ" ಎಂದರು. "ಕಳ್ಕೊಂಡದ್ದನ್ನ ತುಂಬೋಕೆ ಹಗಲೂ ರಾತ್ರಿ ಹೊಸದನ್ನ ಕಳಿಸ್ತಾ ಇದೆ. ಹೊರಗೆ ಬಂದವು ಬಾಳ್ತಾ ಇಲ್ಲ, ಅಷ್ಟೆ."

ಸೊಸೆ ಮೂರು ದಿನದಲ್ಲಿ ಮೊದಲ ಸಲ ನಕ್ಕಳು. "ನಮ್ಗೆ ಉಲ್ಟಾ ಡಾಕ್ಟ್ರೇ. ನಾವು ವಯಸ್ಸಾದಷ್ಟೂ ದಪ್ಪ ಆಗ್ತೀವಿ."

"ಮುಗಿಸ್ತಾ ಇರೋದು ಯಾರು?" ಮಗ ಕೇಳಿದ.

"ಅವರ ಮೈಯೇ. ಕಾಪಾಡೋಕೆ ಇರೋ ಪಡೆ ತನ್ನವರನ್ನೇ ತಪ್ಪು ತಿಳ್ಕೊಂಡು ಶತ್ರು ಅಂತ ಹೊಡೀತಿದೆ. ಹಾಗಂತ ನಮ್ಮ ಗುಮಾನಿ. ಒಂದು ಅಳತೆ ನೋಡಿ ಪೂರ್ತಿ ತೀರ್ಮಾನ ಮಾಡಲ್ಲ. ಸೋಂಕು, ಲಿವರ್, ಥೈರಾಯ್ಡ್ ಎಲ್ಲಾ ನೋಡ್ತಿದೀವಿ. ಆದ್ರೆ ಕಾಯ್ತಾ ಕೂರೋ ಹಾಗಿಲ್ಲ, ಇವತ್ತೇ ಮಾತ್ರೆ ಶುರು ಮಾಡ್ತೀನಿ. ಎಣಿಕೆ ಏರಿದ್ರೆ ನಾವು ಅಂದ್ಕೊಂಡದ್ದು ಸರಿ."

ಡಾಕ್ಟರು ರಕ್ತದ ಮಾತನ್ನೇ ಆಡುತ್ತಿದ್ದರು. ನಾನು ತಲೆ ಎತ್ತಲಿಲ್ಲ.

ಮಗ ವರಾಂಡಕ್ಕೆ ಹೋಗಿ ಗೋಡೆಗೆ ಹಣೆಯಿಟ್ಟು ಅತ್ತ. ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟೆ. "ನಾನು ನೋಡ್ಲಿಲ್ವಲ್ಲಮ್ಮಾ" ಎಂದ. ಆಗಲೇ ಹೇಳಬೇಕಿತ್ತು. "ಅಳ್ಬೇಡ, ಸರಿ ಹೋಗುತ್ತೆ" ಎಂದೆ.

ಮಾರ್ಚ್ ೨೪, ಭಾನುವಾರ

ಮೂಗಿನ ರಕ್ತ ನಿಂತಿದೆಯೆಂದು ನಿನ್ನೆ ಸೊಸೆಯನ್ನು ಮನೆಗೆ ಕಳಿಸಿದರು. ಬೀಳಬಾರದು, ಭಾರ ಎತ್ತಬಾರದು, ತಲೆನೋವು ಬಂದರೆ ತಕ್ಷಣ ಓಡಿ ಬರಬೇಕು. ಎಣಿಕೆ ಇನ್ನೂ ಹೆಚ್ಚೇನೂ ಏರಿಲ್ಲ.

ಇವತ್ತು ಮಗ ಔಷಧಿ ತರಲು ಹೋಗಿದ್ದ. ನಾನು ಹಣ್ಣು ಹೆಚ್ಚಿ ತಟ್ಟೆ ಇಟ್ಟು ಹೊರಟೆ.

"ಅತ್ತೆ, ಕೂತ್ಕೊಳ್ಳಿ. ಒಂದು ಮಾತು ಕೇಳ್ತೀನಿ. ನೀವು ಇವರೇ ಹೊಡೆದಿದ್ದು ಅಂದ್ಕೊಂಡಿದ್ರಿ, ಅಲ್ವಾ?"

ಮಂಚದ ಮೇಲೆ ಅವಳ ಕಾಲ ಬಳಿ ಕೂತೆ. ಸುಳ್ಳು ಹೇಳಲು ಸಿದ್ಧವಾಗಿಯೇ ಇದ್ದೆ, ಹೇಳಲಿಲ್ಲ. ತಲೆಯಾಡಿಸಿದೆ.

"ನಂಗೆ ಮೊದ್ಲು ಗೊತ್ತಾಗ್ಲಿಲ್ಲ" ಎಂದಳು. "ಕಲೆ ಅಸಹ್ಯವಾಗಿ ಕಾಣುತ್ತೆ ಅಂತ ಮುಚ್ಚಿಸ್ತಿದೀರಿ ಅಂದ್ಕೊಂಡೆ. ಬೇಜಾರಾಯ್ತು. ಡಾಕ್ಟ್ರಿಗೆ ತೋರಿಸೋಣ ಅಂತಿದ್ದವಳು ನಾಚ್ಕೊಂಡು ಸುಮ್ನಾದೆ. ಆಮೇಲೆ ಪರದೆ ಹಿಂದೆ ನೀವು 'ಸದ್ಯ' ಅಂದ್ರಲ್ಲ, ಆಗ ಎಲ್ಲಾ ಅರ್ಥ ಆಯ್ತು."

"ತಪ್ಪಾಯ್ತಮ್ಮ. ಮಗನ ಮೇಲೆ ಅನುಮಾನ ಪಟ್ಟೆ."

"ಅದಲ್ಲ ಅತ್ತೆ." ಅವಳು ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು. "ಅನುಮಾನ ಯಾರಿಗಾದ್ರೂ ಬರುತ್ತೆ, ಬೆರಳಚ್ಚು ಹಾಗೇ ಇತ್ತು. ಆದ್ರೆ ನೀವು ಅದನ್ನ ನಿಜ ಅಂತಾನೇ ನಂಬಿದ್ರಿ. ನಂಬಿ, ನಂಗೆ ಅಂಗಿ ಹೊಲಿದುಕೊಟ್ರಿ. ಯಾಕತ್ತೆ? ಒಂದ್ಸಲ ಕೇಳ್ಬಾರ್ದಿತ್ತಾ?"

ಉತ್ತರ ಹುಡುಕಿದೆ. ಮಗನ ಮರ್ಯಾದೆ ಎನ್ನಲೇ? ಮನೆಯ ಮಾನ ಎನ್ನಲೇ? ಎರಡೂ ಅರ್ಧ ನಿಜ. ತಟ್ಟೆ ಎತ್ತಿಕೊಂಡು ಬಂದುಬಿಟ್ಟೆ. ಅವಳು ಹಣ್ಣನ್ನು ಇನ್ನೂ ಮುಟ್ಟಿರಲಿಲ್ಲ.

ಮಾರ್ಚ್ ೨೬, ಮಂಗಳವಾರ

ಎಣಿಕೆ ಹದಿನಾಲ್ಕು ಸಾವಿರ. ಹೊಲಿಗೆ ಮುಟ್ಟಿಲ್ಲ.

ಮಾರ್ಚ್ ೩೦, ಶನಿವಾರ

ಮಗನಿಗೆ ಹೇಳಿದೆ.

ಮೆಷಿನ್‌ನ ಬೆಲ್ಟ್ ಸಡಿಲವಾಗಿತ್ತು, ಅವನು ಸರಿಮಾಡಲು ನೆಲದ ಮೇಲೆ ಕೂತಿದ್ದ. ಅವನ ಬೆನ್ನು ನನ್ನ ಕಡೆಗಿತ್ತು, ಅದಕ್ಕೇ ಹೇಳಲಾಯಿತು. ಕಲೆ ನೋಡಿದ್ದು, ಉದ್ದ ತೋಳು ಇಟ್ಟದ್ದು, ಬೇಸಿನ್ ತೊಳೆದದ್ದು, ಪೆಟ್ಟಿಗೆ ಬಿದ್ದ ಸಂಜೆ ಮೆಷಿನ್ ಜೋರಾಗಿ ತುಳಿದದ್ದು. ಎಲ್ಲ.

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. ನನ್ನ ಕಡೆ ತಿರುಗಲಿಲ್ಲ.

"ನಾನು ಹೊಡೀತಿದೀನಿ ಅಂತ ಅಂದ್ಕೊಂಡೆ."

"ಹೂಂ."

"ಅಂದ್ಕೊಂಡು ನಂಗೆ ದಿನಾ ಊಟ ಬಡಿಸ್ದೆ. ಒಂದು ಏಟು ಹಾಕ್ಲಿಲ್ಲ. ಮನೆ ಬಿಟ್ಟು ಹೋಗೋ ಅನ್ಲಿಲ್ಲ."

ನಾನು ಬಿದ್ದಿದ್ದ ದಾರದ ತುಂಡುಗಳನ್ನು ಹೆಕ್ಕತೊಡಗಿದೆ.

"ಅಪ್ಪನ ಹಾಗೇ ಆಗಿದೀನಿ ಅಂದ್ಕೊಂಡ್ಯಾ?"

ಅವನ ಬಾಯಲ್ಲಿ ಆ ಮಾತು ಬರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. "ನಿಮ್ಮಪ್ಪ ಏನು ಮಾಡಿದ್ರು ಅಂತ…" ಎಂದೆ, ಹಳೆಯ ಅಭ್ಯಾಸ.

ಆಗ ತಿರುಗಿದ. "ಅಮ್ಮಾ, ನಂಗೆಲ್ಲ ನೆನಪಿದೆ. ನಾನು ಮಂಚದ ಕೆಳಗೆ ಹೋಗಿ ಕಿವಿ ಮುಚ್ಕೋತಿದ್ದೆ. ಎಲ್ಲಾ ಮುಗಿದ ಮೇಲೆ ನೀನು ಬಂದು ಈ ಮೆಷಿನ್ ಮುಂದೆ ಕೂತು ತುಳೀತಿದ್ದೆ. ನಾನು ಕೆಳಗಿಂದ ನೋಡ್ತಿದ್ದೆ. ಸೂಜಿ ಕೆಳಗೆ ಬಟ್ಟೇನೇ ಇರ್ತಿರ್ಲಿಲ್ಲ." ಉಸಿರು ಎಳೆದುಕೊಂಡ. "ಮದುವೆ ಆದ ದಿನದಿಂದ ಸಿಟ್ಟು ಬಂದ್ರೆ ನಾನು ಮನೆಯಿಂದ ಹೊರಗೆ ಹೋಗಿ ಒಂದು ಸುತ್ತು ಹಾಕಿ ಬರ್ತೀನಿ. ಅವಳು ಅದಕ್ಕೆ ನಗ್ತಾಳೆ. ಅವಳಿಗೂ ಯಾಕೆ ಅಂತ ಹೇಳಿಲ್ಲ."

ಬೆಲ್ಟ್ ಸರಿಮಾಡಿ, ಸಾಮಾನು ಎತ್ತಿಟ್ಟು ಹೊರಟುಹೋದ.

ಅವನಿಗೆ ಗೊತ್ತಿಲ್ಲವೆಂದು ನಾನು ನಂಬಿದ್ದೆ. ನಾನು ಕಾಪಾಡಿದ್ದೇನೆ ಎಂದುಕೊಂಡದ್ದು ಅದೊಂದನ್ನೇ. ಮಗು ಮಂಚದ ಕೆಳಗಿತ್ತು. ಮೇಲೆ ಅವನಪ್ಪ ಹೊಡೆಯುತ್ತಿದ್ದ.

ಏಪ್ರಿಲ್ ೩, ಬುಧವಾರ

ಮಗ ನನ್ನ ಜೊತೆ ಮಾತಾಡುತ್ತಿಲ್ಲ. ಬೇಕಾದ್ದು ಕೇಳುತ್ತಾನೆ, ಕೊಟ್ಟದ್ದು ತಿನ್ನುತ್ತಾನೆ. ಸರಿಯೇ ಇದೆ.

ಮಾತ್ರೆಯಿಂದ ಸೊಸೆಗೆ ವಿಪರೀತ ಹಸಿವು. ಮುಖ ಊದಿಕೊಂಡಿದೆ. ಬೆಳಿಗ್ಗೆ ಒಂದು ಡಬ್ಬಿ ಬಿಸ್ಕತ್ತು ಖಾಲಿ ಮಾಡಿ, ಖಾಲಿಯಾಯಿತಲ್ಲ ಎಂದು ಅತ್ತಳು. ಅತ್ತದ್ದಕ್ಕೆ ತಾನೇ ನಕ್ಕಳು. ನಾನು ಹೋಗಿ ಎರಡು ಡಬ್ಬಿ ತಂದೆ. "ಅತ್ತೆ, ನನ್ನ ಅಳತೆ ಮತ್ತೆ ತಗೋಬೇಕಾಗುತ್ತೆ" ಎಂದಳು. ಬಿಸ್ಕತ್ತು ತಿನ್ನುತ್ತ ನನಗೂ ಒಂದು ಚಾಚಿದಳು. ಅವಳ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಅವಳು ಮತ್ತೆ ಕೇಳಿಲ್ಲ.

ಎಣಿಕೆ ನಲವತ್ತೊಂದು ಸಾವಿರ. ಬೇರೆ ಪರೀಕ್ಷೆಗಳಲ್ಲಿ ಏನೂ ಸಿಕ್ಕಿಲ್ಲ. ದಿನಾ ಬೆಳಿಗ್ಗೆ ಅವಳ ಕಾಲು, ತೋಳು, ಬೆನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. "ಇದು ಹೊಸದಾ? ಇದು ಹೇಗಾಯ್ತು?" ಎಂದು ಒಂದೊಂದನ್ನೂ ಕೇಳುತ್ತೇನೆ. ಪೊಲೀಸರಿಗಿಂತ ಕಷ್ಟ ನಿಮ್ಮದು ಎನ್ನುತ್ತಾಳೆ.

ಏಪ್ರಿಲ್ ೯, ಮಂಗಳವಾರ

ಒಂದು ಲಕ್ಷ ಹನ್ನೆರಡು ಸಾವಿರ! ಡಾಕ್ಟರು ಎರಡು ಸಲ ಓದಿ ಹೇಳಿದರು. ಎಳೆಯವುಗಳ ಪಾಲು ನೂರಕ್ಕೆ ಒಂಬತ್ತಕ್ಕೆ ಇಳಿದಿದೆ. ಇಳಿದದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದೆ.

"ಒಳ್ಳೇದಮ್ಮ. ಹುಟ್ಟಿದವು ಸಾಯ್ದೆ ಉಳೀತಿವೆ. ಅವಕ್ಕೂ ವಯಸ್ಸಾಗ್ತಾ ಇದೆ ಅಂತ ಅರ್ಥ. ಆದ್ರೆ ಮಾತ್ರೆ ಇಳಿಸ್ತಾ ಹೋದ ಹಾಗೆ ಮತ್ತೆ ಬೀಳ್ಬಹುದು. ಮೈಮರೀಬೇಡಿ."

ಹೊರಡುವಾಗ ಅವರು ಸೊಸೆಗೆ, "ಇನ್ನೊಂದ್ಸಲ ಕಲೆ ಕಂಡ್ರೆ ಕಾಯ್ಬಾರ್ದು" ಎಂದರು. "ಹೋದ್ಸಲ ಕಂಡದ್ದು ನಂಗೆ ಡಾಕ್ಟ್ರೇ" ಎಂದೆ. "ನಾನೇ ಮುಚ್ಚಿಸ್ದೆ." ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಕಿವಿ ಸುಡುತ್ತಿತ್ತು, ಆದರೆ ಹೇಳಿದ ಮೇಲೆ ನಿಂತೇ ಇದ್ದೆ.

ಹೊರಗೆ ಬಂದಾಗ ಮಗ, "ಅಮ್ಮಾ, ಈ ಕಡೆ ನಡಿ. ಆ ಕಡೆ ಬಿಸಿಲು" ಎಂದ. ಅಷ್ಟೇ ಅಂದದ್ದು. ಮನೆಯವರೆಗೂ ಅದೇ ಕಿವಿಯಲ್ಲಿತ್ತು.

ಏಪ್ರಿಲ್ ೧೪, ಭಾನುವಾರ

ಸೊಸೆಯನ್ನು ನೋಡಲು ನನ್ನ ನಾದಿನಿ ಬಂದಿದ್ದಳು. ಹೋದವನ ತಂಗಿ. ವರ್ಷಕ್ಕೊಮ್ಮೆ ಬರುವವಳು, ಹೋಗುವಾಗ ಅಣ್ಣನ ಫೋಟೋ ಮುಂದೆ ಎರಡು ನಿಮಿಷ ನಿಂತು ಕಣ್ಣೊರೆಸಿಕೊಂಡು ಹೋಗುವವಳು. ನಾಲ್ವರೂ ಚಹಾ ಕುಡಿಯುತ್ತ ಕೂತಿದ್ದೆವು.

"ಅಣ್ಣ ಇದ್ದಿದ್ರೆ ಸೊಸೇನ ಅಂಗೈಲಿಟ್ಟು ನೋಡ್ಕೋತಿದ್ದ" ಎಂದಳು. "ಎಂಥ ಮೆತ್ತಗಿನ ಮನುಷ್ಯ! ಒಂದು ಇರುವೆಗೂ ನೋವು ಮಾಡಿದವನಲ್ಲ. ಅಲ್ವಾ ಅತ್ತಿಗೆ?"

ಪ್ರತಿ ವರ್ಷ ಈ ಮಾತಿಗೆ "ಹೂಂ" ಎನ್ನುತ್ತೇನೆ. ಇವತ್ತೂ ಬಾಯಿ ತೆರೆದೆ.

"ಹೊಡೀತಿದ್ದ" ಎಂದೆ.

"ಏನು?"

"ನಿಮ್ಮಣ್ಣ. ನನ್ನ ಹೊಡೀತಿದ್ದ. ಇವನು ಹುಟ್ಟೋಕೆ ಮುಂಚಿಂದ, ಅವನು ಹಾಸಿಗೆ ಹಿಡಿಯೋವರೆಗೆ."

ಮಗನ ಲೋಟ ಸಾಸರಿಗೆ ತಾಗಿ ಸದ್ದಾಯಿತು. ನಾದಿನಿ ಗದರುತ್ತಾಳೆ, ಸತ್ತವರ ಮೇಲೆ ಅಪವಾದ ಎನ್ನುತ್ತಾಳೆ, ಎದ್ದು ಹೋಗುತ್ತಾಳೆ ಎಂದು ಕಾದೆ. ಅವಳು ತನ್ನ ಮಡಿಲಲ್ಲಿದ್ದ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು.

"ಗೊತ್ತಿತ್ತು ಅತ್ತಿಗೆ" ಎಂದಳು.

ಸೊಸೆ ಚಹಾದ ಲೋಟ ಕೆಳಗಿಟ್ಟಳು.

"ನನ್ನ ಮದುವೆಗೆ ಮುಂಚೆ ಇಲ್ಲಿ ಇದ್ನಲ್ಲ, ಆಗ್ಲೇ ನೋಡಿದ್ದೆ. ನಿಮ್ಮ ಕತ್ತಿನ ಹತ್ರ. ಮಾರನೇ ದಿನ ನಿಮ್ಗೊಂದು ಶಾಲು ತಂದುಕೊಟ್ಟೆ. ನೆನಪಿದ್ಯಾ?"

ನೆನಪಿತ್ತು. ಈ ಮನೆಯಲ್ಲಿ ನನ್ನ ಮೇಲೆ ಪ್ರೀತಿಯಿಟ್ಟವರು ಒಬ್ಬರಾದರೂ ಇದ್ದಾರೆ ಎಂದು ಆ ಶಾಲನ್ನು ಇಷ್ಟು ವರ್ಷ ಮಡಿಕೆ ಕೆಡದಂತೆ ಇಟ್ಟುಕೊಂಡಿದ್ದೆ.

"ಯಾಕೆ ಕೇಳ್ಲಿಲ್ಲ?" ಎಂದೆ.

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಕೇಳಿದ್ರೆ ನೀವು ಹೌದು ಅಂದ್ಬಿಡ್ತಿದ್ರಿ ಅತ್ತಿಗೆ. ಹೌದು ಅಂದ ಮೇಲೆ ನಾನು ಏನಾದ್ರೂ ಮಾಡ್ಬೇಕಾಗ್ತಿತ್ತು. ಏನು ಮಾಡ್ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ."

ನಾನು ಸೊಸೆಯ ಕಡೆ ನೋಡಿದೆ. ಅವಳು ಆಗಲೇ ನನ್ನನ್ನು ನೋಡುತ್ತಿದ್ದಳು. ಅವಳು ಕೇಳಿದ ಪ್ರಶ್ನೆಗೆ ಉತ್ತರ ಬೇರೆಯವರ ಬಾಯಲ್ಲಿ ಬಂದಿತ್ತು. "ನನ್ನ ಉತ್ತರಾನೂ ಅದೇ ಕಣಮ್ಮ" ಎಂದೆ. ಅವಳು ತಲೆಯಾಡಿಸಿದಳು. ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾದಿನಿ ಕಣ್ಣೊರೆಸಿಕೊಂಡು ಚೀಲಕ್ಕೆ ಕೈ ಹಾಕಿ ಎದ್ದಳು. "ಬರ್ತೀನಿ" ಎಂದಳು, ಯಾರ ಮುಖವನ್ನೂ ನೋಡದೆ. ಅವಳ ಮುಖದ ಮೇಲೆ ಏನಿತ್ತೋ ಅದನ್ನು ನಾನು ಒಂದು ತಿಂಗಳಿಂದ ಹೊತ್ತು ತಿರುಗುತ್ತಿದ್ದೇನೆ.

"ಕೂತ್ಕೋ" ಎಂದೆ. "ಚಹಾ ಆರಿ ಹೋಯ್ತು. ಬಿಸಿ ಮಾಡ್ತೀನಿ."

ಅವಳು ನಿಂತೇ ಇದ್ದಳು. ಮಗ ಎದ್ದು ಅವಳ ಕೈಯಿಂದ ಚೀಲ ತೆಗೆದುಕೊಂಡು ಕುರ್ಚಿಯ ಪಕ್ಕದಲ್ಲಿಟ್ಟ. ಆಮೇಲೆ ನನ್ನ ಹಿಂದೆಯೇ ಅಡುಗೆ ಮನೆಗೆ ಬಂದು, ಕೇಳದೆಯೇ ಲೋಟಗಳನ್ನು ತೊಳೆಯತೊಡಗಿದ.